"ಇಬ್ಬರಿಗೂ ಸೇರಿ ಎಷ್ಟಾಯ್ತು?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನಿಂದ ಮುಂಬಯಿ. ಅಲ್ಲಿಂದ ಕಡಲ ಬದಿ ಹಿಡಿದು ಗೋವಾ, ಗೋಕರ್ಣ, ಉಡುಪಿ, ಮಂಗಳೂರು, ಕೊಚ್ಚಿ, ಆಲಪ್ಪುಳ, ತಿರುವನಂತಪುರ. ಕೊನೆಗೆ ಕನ್ಯಾಕುಮಾರಿ. ನಾನು, ನನ್ನ ಗಂಡ, ಬೆನ್ನಿಗೆ ಒಂದೊಂದು ಬ್ಯಾಗು, ಒಟ್ಟು 24 ದಿನ. ಜನವರಿ ಕೊನೆಯಲ್ಲಿ ಹೊರಟು ಫೆಬ್ರವರಿಯಲ್ಲಿ ಮನೆ ಸೇರಿದೆವು. ಅವತ್ತಿನಿಂದ ಇವತ್ತಿನವರೆಗೆ ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳೋದು ಒಂದೇ ಮಾತು. "ಇಬ್ಬರಿಗೂ ಸೇರಿ ಎಷ್ಟಾಯ್ತು?"

ಮೊದಲು ಲೆಕ್ಕವನ್ನೇ ಹೇಳಿಬಿಡುತ್ತೇನೆ. ಒಟ್ಟು 47,100 ರೂಪಾಯಿ. 21 ರಾತ್ರಿಯ ರೂಮಿಗೆ 21,400. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ರೈಲಿನಲ್ಲೇ ಕಳೆದದ್ದರಿಂದ ಅವೆರಡಕ್ಕೆ ರೂಮಿನ ಖರ್ಚಿಲ್ಲ. ಊಟ ತಿಂಡಿಗೆ 15,600. ರೈಲು, ಬಸ್ಸು, ದೋಣಿ, ಆಟೋ ಎಲ್ಲ ಸೇರಿ 6,900. ಉಳಿದ 3,200ರಲ್ಲಿ ಅಲ್ಲಿ ಇಲ್ಲಿ ಕೊಟ್ಟ ಪ್ರವೇಶ ಶುಲ್ಕ ಇದೆ. ಡಾಕ್ಟರ ಖರ್ಚೂ ಇದೆ.

ಈ ಲೆಕ್ಕ ಕೇಳಿದ ಗಂಡಸರು "ಪರವಾಗಿಲ್ವೇ, ಕಮ್ಮಿನೇ ಆಯ್ತು" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಹೆಂಗಸರು ಹಾಗಲ್ಲ. ಒಂದು ಗಳಿಗೆ ಸುಮ್ಮನಿದ್ದು, ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ. "ಅಲ್ಲ, ಬಾತ್‌ರೂಮಿಗೆಲ್ಲ ಏನ್ ಮಾಡಿದ್ರಿ?"

ಇದು ಬೇರೆ ಪ್ರಶ್ನೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಎಷ್ಟಾಯ್ತು ಅನ್ನೋದಕ್ಕೆ ಪೂರ್ತಿ ಉತ್ತರ ಬೇಕು ಅಂದರೆ ಇದನ್ನೂ ಹೇಳಲೇಬೇಕು.

ಮುಂಬಯಿಯಲ್ಲಿ ನಾವು ಮೂರು ರಾತ್ರಿ ಇದ್ದೆವು. ಆ ಊರಲ್ಲಿ ತಿನ್ನೋದಕ್ಕೆ, ಓಡಾಡೋದಕ್ಕೆ ದುಡ್ಡು ಜಾಸ್ತಿ ಬೇಡ. ಲೋಕಲ್ ರೈಲಿನ ಟಿಕೆಟ್ 5 ರೂಪಾಯಿಯಿಂದ ಶುರು. ನಾನು ಲೇಡೀಸ್ ಡಬ್ಬಿ, ಅವನು ಜನರಲ್ ಡಬ್ಬಿ. ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಸೇತುವೆ ಹತ್ತಿರ ಸೇರೋದು ಅಂತ ಮಾತು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕನ್ನಡದಲ್ಲೇ ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡೆವು. ಸಂಜೆ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತರೆ ಯಾರೂ ಎಬ್ಬಿಸೋದಿಲ್ಲ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರು ರಾತ್ರಿ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಸುಮ್ನೆ ನಿಂತಿದ್ದೆವು. ಅದಕ್ಕೂ ದುಡ್ಡಿಲ್ಲ.

ಆದರೆ ರೂಮು ದುಬಾರಿ. ಬಾತ್‌ರೂಮ್ ಒಳಗೇ ಇರುವ ರೂಮಿಗೆ ದಿನಕ್ಕೆ 1,700 ಅಂದರು. ಮಹಡಿಗೆಲ್ಲ ಸೇರಿ ಒಂದೇ ಬಾತ್‌ರೂಮ್ ಇರುವ ಲಾಡ್ಜಿನಲ್ಲಿ 1,100. ಗಂಡ ನನ್ನ ಮುಖ ನೋಡಿದ. "ನಿನಗೆ ಓಕೇನಾ?" ನಾನು ಓಕೆ ಅಂದೆ. ಬಜೆಟ್ ಟ್ರಿಪ್ ಅಂತ ಹೊರಟು ಮೊದಲನೇ ಊರಲ್ಲೇ ಬೇಡ ಅನ್ನೋದು ಹೇಗೆ ಅನ್ನಿಸಿತ್ತು.

ಆ ಬಾತ್‌ರೂಮು ಕಾರಿಡಾರಿನ ಕೊನೆಗೆ. ಬಾಗಿಲಿನ ಚಿಲಕ ಅರ್ಧಕ್ಕೆ ನಿಲ್ಲುತ್ತಿತ್ತು. ಒಳಗೆ ಹೋದವರು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಳ್ಳಬೇಕು. ಹೊರಗೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಗಂಡಸರು ಕಾಯುತ್ತಾ ನಿಂತಿರುತ್ತಿದ್ದರು. ಅವರದೇನೂ ತಪ್ಪಿಲ್ಲ, ಅವರೂ ನಮ್ಮ ಹಾಗೇ ದುಡ್ಡು ಉಳಿಸಲು ಬಂದವರು. ಆದರೆ ರಾತ್ರಿ ಎರಡು ಗಂಟೆಗೆ ಆ ಕಾರಿಡಾರಿನಲ್ಲಿ ನಡೆದು ಹೋಗಲು ನನ್ನಿಂದ ಆಗಲಿಲ್ಲ. ನಾನು ಮಾಡಿದ್ದು ಇಷ್ಟೆ, ನೀರು ಕುಡಿಯೋದು ಕಡಿಮೆ ಮಾಡಿದೆ. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಊಟದ ಜೊತೆ ಸ್ವಲ್ಪ. ಸಂಜೆ ಆರರ ಮೇಲೆ ಒಂದು ಗುಟುಕೂ ಇಲ್ಲ. ನಮ್ಮಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಪ್ರಯಾಣ ಅಂದ ಕೂಡಲೇ ಇದನ್ನೇ ಮಾಡುತ್ತೇವೆ ಅಲ್ವಾ? ನನ್ನ ಅಮ್ಮ ಮಾಡುತ್ತಿದ್ದಳು. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಮಾಡಿದ್ದೆವು.

ನಾಲ್ಕನೇ ದಿನ ಬೆಳಿಗ್ಗೆ ಮಾಂಡೋವಿ ಎಕ್ಸ್‌ಪ್ರೆಸ್ ಹತ್ತಿದೆವು. ಕೊಂಕಣ ರೈಲ್ವೆಯನ್ನು ಹಗಲಲ್ಲೇ ನೋಡಬೇಕು ಅಂತ ರಾತ್ರಿ ಗಾಡಿ ಬಿಟ್ಟು ಇದನ್ನು ಆರಿಸಿದ್ದು. ಈ ದಾರಿಯಲ್ಲಿ ಕಡಲು ಕಾಣೋದು ಕಡಿಮೆ. ಬೆಟ್ಟ, ಹೊಳೆ, ಸುರಂಗ, ಮತ್ತೆ ಹೊಳೆ. ರತ್ನಗಿರಿ ಹತ್ತಿರದ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್. ಆ ಕತ್ತಲಲ್ಲಿ ಹೋಗುವಾಗಲೇ ನನಗೆ ಹೊಟ್ಟೆಯ ಕೆಳಗೆ ನೋವು ಶುರುವಾಗಿತ್ತು. ಪಾನ್ವಲ್ ಹೊಳೆಯ ಎತ್ತರದ ಸೇತುವೆ ಬಂತು, ಗಂಡ ಕಿಟಕಿ ಹತ್ತಿರ ಕರೆದ, ನಾನು ಏಳಲಿಲ್ಲ. ಉರಿಮೂತ್ರ. ರಾತ್ರಿ ಮಡಗಾಂವ್‌ನಲ್ಲಿ ಇಳಿಯುವ ಹೊತ್ತಿಗೆ ಚಳಿ ಜ್ವರ.

ಮಾರನೇ ದಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಸೋಂಕಾಗಿದೆ ಅಂದರು. ಅವರು ಕೇಳಿದ ಮೊದಲ ಪ್ರಶ್ನೆ, "ನೀರು ಎಷ್ಟು ಕುಡಿಯುತ್ತಿದ್ದೀರಿ?" ನಾನು ತಲೆ ತಗ್ಗಿಸಿದೆ. ಗಂಡ ನನ್ನನ್ನೇ ನೋಡುತ್ತಿದ್ದ. ಅವನಿಗೆ ಅದು ಅವತ್ತೇ ಗೊತ್ತಾಗಿದ್ದು.

ಮುಂಬಯಿಯಲ್ಲಿ ನಾವು ಉಳಿಸಿದ್ದು 1,800 ರೂಪಾಯಿ. ಡಾಕ್ಟರು, ಪರೀಕ್ಷೆ, ಮಾತ್ರೆ ಸೇರಿ ಹೋಗಿದ್ದು 1,650. ಗೋವಾದಲ್ಲಿದ್ದ ಮೂರು ದಿನದಲ್ಲಿ ಎರಡು ದಿನ ಮಲಗಿದ್ದೆ. ಮೂರನೇ ದಿನ ಪಣಜಿಗೆ ಹೋಗಿ, ಮಾಂಡೋವಿ ಹೊಳೆ ದಾಟಿಸುವ ಫೆರಿಯಲ್ಲಿ ಬೆತಿಂಗೆ ಹೋಗಿ ಬಂದೆವು. ನಡೆದು ಹತ್ತುವವರಿಗೆ ಅದು ಉಚಿತ. ನಾನು ನೋಡಿದ ಗೋವಾ ಅಷ್ಟೇ.

ಆ ಫೆರಿಯಲ್ಲಿ ನಿಂತೇ ಮಾತಾಡಿಕೊಂಡೆವು. ಇಬ್ಬರಿಗೂ ಒಂದೇ ಬಜೆಟ್ ಇರಬಹುದು, ಆದರೆ ಉಳಿತಾಯದ ಕಷ್ಟ ಇಬ್ಬರಿಗೂ ಒಂದೇ ಅಲ್ಲ. ಅವನಿಗೆ ಆ ಬಾತ್‌ರೂಮು ಬರೀ ಕೊಳಕು, ನನಗೆ ಭಯ. ಹಾಗೇ ಅವನಿಗೂ ಒಂದು ಕಷ್ಟ ಇದೆ. ಆರಡಿ ಎತ್ತರ, ಸೊಂಟ ನೋವು. ಬಸ್ಸಿನ ಸೀಟಿನಲ್ಲಿ ರಾತ್ರಿಯಿಡೀ ಕೂರಲು ಆಗೋದಿಲ್ಲ. ಅದಕ್ಕೆ ಹೀಗೆ ತೀರ್ಮಾನ ಮಾಡಿದೆವು. ಎಲ್ಲಿ ಉಳಿಸಬೇಕು ಅನ್ನೋದನ್ನ ಆ ಉಳಿತಾಯದಿಂದ ಯಾರಿಗೆ ಜಾಸ್ತಿ ಕಷ್ಟವೋ ಅವರೇ ಹೇಳಬೇಕು. ಇನ್ನೊಬ್ಬರು "ಓಕೇನಾ" ಅಂತ ಕೇಳಿ ಒಪ್ಪಿಗೆ ತಗೊಳ್ಳೋದಲ್ಲ. ರೂಮು ನನ್ನದು, ಪ್ರಯಾಣ ಅವನದು.

ಗೋಕರ್ಣದಲ್ಲಿ ರೂಮು ನೋಡಲು ನಾನೇ ಹೋದೆ. ಕುಡ್ಲೆ ಬೀಚಿಗೆ ಹೋಗುವ ದಾರಿಯಲ್ಲಿ ಒಂದು ಮನೆ. ಹಿತ್ತಲಲ್ಲಿ ಮೂರು ರೂಮು ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಮನೆಯಮ್ಮ ಹಾಸಿಗೆ ತೋರಿಸಿದರು, ಕಿಟಕಿ ತೆಗೆದು ತೋರಿಸಿದರು. ನಾನು ಸೀದಾ ಬಾತ್‌ರೂಮಿಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡೆ. ಚಿಲಕ ಎಳೆದೆ. ಕಬ್ಬಿಣದ ಚಿಲಕ, ಟಕ್ ಅಂತ ಪೂರ್ತಿ ಕೂತಿತು. ನಲ್ಲಿ ತಿರುಗಿಸಿದೆ, ನೀರು ಬಂತು. ಬಕೆಟ್ ಇತ್ತು, ಚೊಂಬು ಇತ್ತು, ಬಟ್ಟೆ ಹಾಕಲು ಗೋಡೆಗೆ ಎರಡು ಮೊಳೆ ಇತ್ತು. ಗಾಳಿಗಿಂಡಿಗೆ ಒಳಗಿನಿಂದ ರಟ್ಟು ಅಂಟಿಸಿದ್ದರು. ಲೈಟು ಆರಿಸಿ ಹಾಕಿ ನೋಡಿದೆ. ಹೊರಗೆ ಬಂದಾಗ ಮನೆಯಮ್ಮ ನಗುತ್ತಾ, "ಅದನ್ನೇ ಮೊದ್ಲು ನೋಡ್ಬೇಕು" ಅಂದರು. ದಿನಕ್ಕೆ 700. ಎರಡು ದಿನ ಅಂದುಕೊಂಡಿದ್ದವರು ನಾಲ್ಕು ದಿನ ಉಳಿದೆವು. ಅಲ್ಲಿಂದ ಗುಡ್ಡ ಹತ್ತಿ ಇಳಿದು ಓಂ ಬೀಚಿಗೆ ನಡೆದೇ ಹೋಗುತ್ತಿದ್ದೆವು. ಬಾಟಲಿ ತುಂಬ ನೀರು, ಅದೂ ಖಾಲಿಯಾಗುವವರೆಗೆ ಕುಡಿದು.

ಹಾಗಾದರೆ ಉಳಿಸಿದ್ದು ಎಲ್ಲಿ? ಮುಖ್ಯವಾಗಿ ಓಡಾಟದಲ್ಲಿ, ಊಟದಲ್ಲಿ, ಒಂದೊಂದು ಊರಲ್ಲಿ ಜಾಸ್ತಿ ದಿನ ಕೂತದ್ದರಲ್ಲಿ. ಮಡಗಾಂವ್‌ನಿಂದ ಗೋಕರ್ಣ ರೋಡ್ ಸ್ಟೇಷನ್ನಿಗೆ ಪ್ಯಾಸೆಂಜರ್ ರೈಲಿನಲ್ಲಿ ಬಂದರೆ ಚಿಲ್ಲರೆ ದುಡ್ಡಲ್ಲಿ ಮುಗಿಯುತ್ತದೆ. ಕರ್ನಾಟಕದೊಳಗೆ ನನ್ನ ಬಸ್ ಟಿಕೆಟ್ ಸೊನ್ನೆ. 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆ. ಆಧಾರ್ ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟರು. ಗೋಕರ್ಣದಿಂದ ಕುಮಟಾ, ಅಲ್ಲಿಂದ ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಉಡುಪಿಯವರೆಗೂ ಹಾಗೇ ಬಂದೆ. ಒಂದು ಮಾತು ನೆನಪಿಡಿ. ಉಡುಪಿ ಮಂಗಳೂರು ನಡುವೆ ಓಡೋದು ಬಹುತೇಕ ಖಾಸಗಿ ಬಸ್ಸು. ಅವುಗಳಲ್ಲಿ ಇದು ನಡೆಯೋದಿಲ್ಲ, ಸರ್ಕಾರಿ ಬಸ್ಸಿಗೆ ಕಾಯಬೇಕು. ಉಡುಪಿಯಲ್ಲಿ ಎರಡು ಮಧ್ಯಾಹ್ನವೂ ಕೃಷ್ಣ ಮಠದಲ್ಲಿ ಊಟ. ಸಾಲಲ್ಲಿ ಕೂತು ಬಿಸಿ ಅನ್ನ ಸಾರು ಉಂಡು ಎದ್ದೆವು.

ರಾತ್ರಿ ಬಸ್ಸು ಎಲ್ಲೂ ಹತ್ತಲಿಲ್ಲ. ಅವನ ಸೊಂಟಕ್ಕೆ ರೈಲಿನ ಬರ್ತ್ ಬೇಕು, ನನಗೆ ರೈಲಿನ ಟಾಯ್ಲೆಟ್ ಬೇಕು. ಅದು ಸ್ವಚ್ಛವಾಗಿ ಇರುತ್ತದೆ ಅಂತಲ್ಲ, ಆದರೆ ಇರುತ್ತದೆ. ಡ್ರೈವರ್ ಯಾವಾಗ ನಿಲ್ಲಿಸುತ್ತಾನೋ ಅಂತ ಕಾಯಬೇಕಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಜನ ಏಳುವ ಮೊದಲೇ ಹೋಗಿಬಿಡಿ. ದೊಡ್ಡ ಸ್ಟೇಷನ್ನುಗಳಲ್ಲಿ ಹೆಂಗಸರ ವೇಯ್ಟಿಂಗ್ ರೂಮ್ ಇರುತ್ತದೆ, ಕೇಳಿ. ಟಿಕೆಟ್ ಮಾತ್ರ ಮೊದಲೇ ಮಾಡಿಸಿ. ಈಗ 60 ದಿನ ಮುಂಚೆ ಬುಕಿಂಗ್ ಶುರುವಾಗುತ್ತದೆ.

ಈಗ ಕೇರಳದ ದೋಣಿ ವಿಷಯ. ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ಬೋಟಿನಲ್ಲಿ ಹತ್ತು ರೂಪಾಯಿಯೂ ಆಗೋದಿಲ್ಲ. ಚೀನೀ ಬಲೆಗಳನ್ನ, ಮಟ್ಟಾಂಚೇರಿಯ ಬೀದಿಗಳನ್ನ ಮೂರು ದಿನ ಕಾಲ್ನಡಿಗೆಯಲ್ಲೇ ನೋಡಿದೆವು. ಆಲಪ್ಪುಳದಲ್ಲಿ ಎಲ್ಲರೂ ಹೌಸ್‌ಬೋಟ್ ತಗೊಳ್ಳಿ ಅಂದರು. ನಮ್ಮ ಎಂಟು ದಿನದ ರೂಮಿನ ದುಡ್ಡು ಒಂದು ರಾತ್ರಿಗೆ. ಬೇಡ ಅಂದುಕೊಂಡು ಜಲಸಾರಿಗೆ ಇಲಾಖೆಯ ಕೋಟ್ಟಯಂ ಬೋಟು ಹತ್ತಿದೆವು. ಎರಡೂವರೆ ಗಂಟೆ ಪ್ರಯಾಣ, ಒಬ್ಬರಿಗೆ ಮೂವತ್ತು ರೂಪಾಯಿ ಆಸುಪಾಸು. ಊರು ನೋಡಿದ ಹಾಗೂ ಆಯಿತು, ಮುಂದಿನ ರೈಲಿಗೆ ಕೋಟ್ಟಯಂ ತಲುಪಿದ ಹಾಗೂ ಆಯಿತು.

ಮರದ ಬೆಂಚು. ಪಕ್ಕದಲ್ಲಿ ಪ್ಲಾಸ್ಟಿಕ್ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಅಜ್ಜಿ. ಬೋಟು ಬಸ್ಸಿನ ಹಾಗೇ ಪ್ರತಿ ಕಟ್ಟೆಗೂ ನಿಲ್ಲುತ್ತದೆ. ಒಬ್ಬ ಹಗ್ಗ ಎಸೆದು ಕಂಬಕ್ಕೆ ಸುತ್ತುತ್ತಾನೆ, ಇಬ್ಬರು ಇಳಿಯುತ್ತಾರೆ, ಒಬ್ಬಳು ಯೂನಿಫಾರ್ಮಿನ ಹುಡುಗಿ ಹತ್ತುತ್ತಾಳೆ, ಗಂಟೆ ಬಾರಿಸುತ್ತದೆ. ಈ ಬೋಟು ಹಾದುಹೋಗುವ ಕುಟ್ಟನಾಡಿನಲ್ಲಿ ಭತ್ತ ಬೆಳೆಯೋದು ಸಮುದ್ರ ಮಟ್ಟಕ್ಕಿಂತ ಕೆಳಗೆ. ಓದಿದಾಗ ಅರ್ಥವಾಗಿರಲಿಲ್ಲ. ಬೋಟಿನಲ್ಲಿ ಕೂತು ಬದುವಿನ ಆಚೆ ನೋಡಿದರೆ ಗದ್ದೆ ಕೆಳಗಿದೆ, ನಾವು ತೇಲುತ್ತಿರುವ ನೀರು ಮೇಲಿದೆ. ಆಮೇಲೆ ವೆಂಬನಾಡು ಸರೋವರ, ಎರಡೂ ದಡ ದೂರ ಸರಿದವು. ಕೋಟ್ಟಯಂ ಹತ್ತಿರ ಬರುವಾಗ ಕಾಲುವೆ ಕಿರಿದಾಯಿತು. ಅಡ್ಡ ಹಾಕಿದ್ದ ಪುಟ್ಟ ಕಾಲುಸೇತುವೆಯನ್ನ ಹಗ್ಗ ಎಳೆದು ಎತ್ತಿದರು, ನಾವು ದಾಟಿದ ಮೇಲೆ ಇಳಿಸಿದರು. ಆ ಅಜ್ಜಿ ನನಗೆ ಬುಟ್ಟಿಯಿಂದ ಒಂದು ಬಾಳೆಹಣ್ಣು ಕೊಟ್ಟರು. ನನಗೆ ಮಲಯಾಳ ಬರದು, ಅವರಿಗೆ ಕನ್ನಡ ಬರದು. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಎರಡೂವರೆ ಗಂಟೆ ಅದು.

ಕನ್ಯಾಕುಮಾರಿಯಲ್ಲಿ ಎಲ್ಲರೂ ಮಾಡೋದನ್ನೇ ಮಾಡಿದೆವು. ಸೂರ್ಯ ಹುಟ್ಟೋದು, ಮುಳುಗೋದು ಎರಡನ್ನೂ ನೋಡಿ, ವಿವೇಕಾನಂದ ಬಂಡೆಗೆ ಹೋಗಿ ಬಂದು, ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ವಾಪಸಾದೆವು.

ಹೋದ ವಾರ ನಮ್ಮ ಬಿಲ್ಡಿಂಗಿನ ಆಂಟಿಯೊಬ್ಬರು ಮನೆಗೆ ಬಂದಿದ್ದರು. ಐವತ್ತೆಂಟು ವಯಸ್ಸು, ಮಂಡಿ ನೋವು. ಅಂಕಲ್ ಜೊತೆ ಗೋಕರ್ಣಕ್ಕೆ ಹೋಗಬೇಕಂತೆ. ಎಷ್ಟಾಗುತ್ತೆ ಅಂತ ಅವರು ಕೇಳಲಿಲ್ಲ. "ಅಲ್ಲಿ ವೆಸ್ಟರ್ನ್ ಇದೆಯಾ?" ಅಂದರು. ನಾನು ಆ ಮನೆಯಮ್ಮನಿಗೇ ಫೋನ್ ಮಾಡಿದೆ. ಮೂರು ರೂಮಿನಲ್ಲಿ ಒಂದರಲ್ಲಿ ಇದೆ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿಯನ್ನೂ ಹಾಕಿಸಿದ್ದೇನೆ ಅಂದರು. ದಿನಕ್ಕೆ 900. ಆಂಟಿ ಆ ರೂಮನ್ನೇ ಹೇಳಿಟ್ಟರು. ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕಿದೆ.