ಎರಡು ರಸೀದಿ ಪುಸ್ತಕಗಳು

2018ರ ಜೂನ್ 21ರ ಸಂಜೆ, ಹುಬ್ಬಳ್ಳಿಯ ಒಂದು ಸಭಾಂಗಣದಲ್ಲಿ ಕುರ್ಚಿಗಳನ್ನು ಎತ್ತಿಡುತ್ತಿದ್ದ ಹೊತ್ತಿಗೆ, ನನ್ನ ರೋಗಿಯೊಬ್ಬರ ಮಗ ಹತ್ತಿರ ಬಂದು, ‘ಅಕ್ಕಾರ, ಈ ರೊಕ್ಕದಾಗ ನಮ್ಮ ಅಪ್ಪಾರಿಗೆ ಉಸಿರಾಟದ ಮಷೀನ್ ಯಾವಾಗ ತರೋಣರಿ?’ ಎಂದು ಕೇಳಿದರು. ಅಂದು ಕೂಡಿದ್ದ 41,000 ರೂಪಾಯಿಯನ್ನು ನಾನು ಎ.ಎಲ್.ಎಸ್. ರೋಗದ ಸಂಶೋಧನೆಗೆ ಕಳಿಸಬೇಕೆಂದುಕೊಂಡಿದ್ದೆ. ಆದರೆ ಅವರ ತಂದೆಯನ್ನು ಗಾಲಿಕುರ್ಚಿಯಲ್ಲಿ ವೇದಿಕೆಗೆ ಕರೆತಂದು, ಜನರ ಕಣ್ಣು ತೇವಗೊಂಡ ಮೇಲೆ ಡಬ್ಬಿಯನ್ನು ಮುಂದಿಟ್ಟವಳು ನಾನೇ. ಮಗನೂ, ಹಣ ಕೊಟ್ಟವರೂ ಅದು ಆ ಮನೆಗೇ ಹೋಗುತ್ತದೆಂದು ತಿಳಿದಿದ್ದರೆ ತಪ್ಪು ಅವರದಾಗಿರಲಿಲ್ಲ.

ನಾನು ಫಿಜಿಯೋಥೆರಪಿಸ್ಟ್. ಆ ತಂದೆ ಬೆಟಗೇರಿಯ ಕೈಮಗ್ಗದ ನೇಕಾರರು. ಹರಿದ ನೂಲಿಗೆ ಗಂಟು ಹಾಕುವಾಗ ಬಲಗೈ ಹೆಬ್ಬೆರಳು ಸೋಲುತ್ತದೆಂದು ಅವರು ನನ್ನಲ್ಲಿಗೆ ಬಂದಾಗ, ಕುತ್ತಿಗೆಯ ಎಲುಬು ಸವೆದಿದೆ ಎಂಬ ಚೀಟಿ ಅವರ ಕೈಯಲ್ಲಿತ್ತು. ನಾಲ್ಕು ತಿಂಗಳು ನಾನೂ ಆ ಚೀಟಿಯನ್ನೇ ನಂಬಿ ಕುತ್ತಿಗೆಯನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಚಿಕಿತ್ಸೆ ಕೊಟ್ಟೆ. ಕೈಯ ಮಾಂಸ ಕರಗುತ್ತಿದ್ದರೂ ಜೋಮು ಇಲ್ಲ, ನೋವಿಲ್ಲ, ಸ್ಪರ್ಶಜ್ಞಾನ ಪೂರ್ತಿ ಇದೆ ಎಂಬುದು ನನ್ನನ್ನು ಎಚ್ಚರಿಸಬೇಕಾಗಿತ್ತು. ಒಂದು ದಿನ ಅವರು ಮಾತನಾಡದೆ ಕುಳಿತಿದ್ದಾಗ, ತೋಳಿನ ಚರ್ಮದಡಿ ಹುಳು ಹರಿದಂತೆ ಸ್ನಾಯುಗಳು ಅದುರುವುದನ್ನು ಕಂಡ ಮೇಲಷ್ಟೇ ನರರೋಗ ತಜ್ಞರ ಬಳಿಗೆ ಕಳಿಸಿದೆ. ಮಿದುಳು ಮತ್ತು ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತ ಹೋಗುವ ಈ ಎ.ಎಲ್.ಎಸ್. ರೋಗದಲ್ಲಿ, ಕೈಕಾಲು, ಮಾತು, ನುಂಗುವ ಶಕ್ತಿ ಒಂದೊಂದಾಗಿ ಹೋಗಿ ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೆಚ್ಚಿನವರಿಗೆ ಲಕ್ಷಣ ಕಂಡ ಮೇಲೆ ಉಳಿಯುವುದು ಎರಡರಿಂದ ಐದು ವರ್ಷ. ಅದರಲ್ಲಿ ನಾಲ್ಕು ತಿಂಗಳು ನನ್ನ ಕೈಯಲ್ಲಿ ಕಳೆದುಹೋದವು ಎಂಬ ಸಂಕಟದಿಂದಲೇ ನಾನು ಆ ಕಾರ್ಯಕ್ರಮಕ್ಕೆ ಕೈಹಾಕಿದ್ದೆ.

ಮರುದಿನ ರಸೀದಿ ಪುಸ್ತಕ ಹಿಡಿದು 63 ದಾನಿಗಳಿಗೂ ಫೋನ್ ಮಾಡಿ, ನಿಮ್ಮ ಹಣ ಈ ಮನೆಗೆ ಹೋಗಬೇಕೋ, ಈ ರೋಗದ ಸಂಶೋಧನೆಗೋ ಎಂದು ಕೇಳಿದೆ. ಬಹುತೇಕ ಎಲ್ಲರೂ ಮನೆಗೆ ಎಂದರು. ಆ ಹಣದಿಂದ ಮೂಗಿನ ಮೇಲೆ ಮುಖವಾಡ ಹಾಕಿ ಉಸಿರಿಗೆ ಒತ್ತಾಸೆ ಕೊಡುವ ಬೈಪ್ಯಾಪ್ ಯಂತ್ರವನ್ನು, ಒಬ್ಬರು ಬಳಸಿ ಬಿಟ್ಟಿದ್ದನ್ನು, ಕೊಂಡೆವು. ಸಂಶೋಧನೆಗೆ ಉಳಿದದ್ದು 3,500 ರೂಪಾಯಿ.

ಅಂದಿನಿಂದ ನಾವು ಎರಡು ರಸೀದಿ ಪುಸ್ತಕಗಳನ್ನು ಇಡುತ್ತೇವೆ. ಹಳದಿಯದು ಆರೈಕೆಗೆ: ಯಂತ್ರ, ಆಹಾರದ ನಳಿಕೆ, ಮಾತು ನಿಂತವರಿಗೆ ಅಕ್ಷರ ಫಲಕ. (ಕನ್ನಡದ ಫಲಕವನ್ನು ಮಾಡುವುದು ಸುಲಭವಲ್ಲ, ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಬರೆದರೆ ಗೋಡೆಯೇ ಸಾಲದು. ಕವರ್ಗ, ಚವರ್ಗ ಎಂದು ಸಾಲು ಮಾಡಿ, ರೋಗಿ ಮೊದಲು ಸಾಲನ್ನೂ ಆಮೇಲೆ ಅಕ್ಷರವನ್ನೂ ಕಣ್ಣಿನಿಂದ ತೋರಿಸುವ ಕ್ರಮವನ್ನು ಆ ನೇಕಾರರ ಜೊತೆ ಕುಳಿತೇ ಕಲಿತೆ. ಈ ರೋಗದಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ.) ಬಿಳಿಯ ಪುಸ್ತಕ ಸಂಶೋಧನೆಗೆ, ಅದರ ಹಣ ನಮ್ಮ ಕೈಯಲ್ಲಿ ಉಳಿಯದೆ ಚೆಕ್ ಮೂಲಕ ಸಂಶೋಧನೆ ನಡೆಸುವ ಸಂಸ್ಥೆಗೆ ಹೋಗುತ್ತದೆ.

ಬಿಳಿ ಪುಸ್ತಕಕ್ಕೆ ಹಣ ಕೇಳುವುದು ಕಷ್ಟ. 2014ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ತಲೆಯ ಮೇಲೆ ಮಂಜುಗಡ್ಡೆ ನೀರು ಸುರಿದುಕೊಳ್ಳುವ ಸವಾಲಿನಿಂದ ಅಲ್ಲಿಯ ಎ.ಎಲ್.ಎಸ್. ಸಂಘಕ್ಕೆ ಸುಮಾರು ಎಂಟು ವಾರಗಳಲ್ಲಿ 11.5 ಕೋಟಿ ಡಾಲರ್ ಬಂತು. ನಾವೂ ಹಾಗೆಯೇ ಮಾಡೋಣವೆಂದು ಸಹೋದ್ಯೋಗಿಗಳು ಹೇಳಿದಾಗ ನಾನು ಒಪ್ಪಲಿಲ್ಲ. ಹಲವು ದಿನಗಳಿಗೊಮ್ಮೆ ನಳದ ನೀರಿಗೆ ಕಾಯುವ ಊರಿನಲ್ಲಿ ನೀರು ಚೆಲ್ಲಿ ದಾನ ಕೇಳುವುದು ನನಗೆ ಸರಿಯೆನಿಸಲಿಲ್ಲ. ಆ ಸವಾಲಿನಿಂದ ನಾನು ಕಲಿತದ್ದು ಬೇರೆ: ಬಂದ ಹಣದಲ್ಲಿ ನೂರಕ್ಕೆ 67 ಪಾಲು ಸಂಶೋಧನೆಗೆ, 20 ಪಾಲು ರೋಗಿಗಳ ಸೇವೆಗೆ ಎಂದು ಆ ಸಂಘ ಲೆಕ್ಕವನ್ನು ಜನರ ಮುಂದೆ ಇಟ್ಟಿತು. ಆ ಹಣದ ನೆರವಿನಿಂದ ನಡೆದ ಅಧ್ಯಯನದಲ್ಲಿ 2016ರಲ್ಲಿ ಎನ್‌ಇಕೆ1 ಎಂಬ ವಂಶವಾಹಿಗೂ ಈ ರೋಗಕ್ಕೂ ಇರುವ ನಂಟು ಗೊತ್ತಾಯಿತು. ಅದೇ ಹಣದ ಒಂದು ಪಾಲು ಪಡೆದು ಬೆಳೆದ ಔಷಧವೊಂದಕ್ಕೆ 2022ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತಾದರೂ, ದೊಡ್ಡ ಪ್ರಯೋಗದಲ್ಲಿ ಗುಣ ಕಾಣದ ಕಾರಣ 2024ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಈ ಸೋಲನ್ನೂ ನಾನು ದಾನಿಗಳಿಗೆ ಬಿಚ್ಚಿ ಹೇಳುತ್ತೇನೆ. ಎಸ್‌ಒಡಿ1 ಎಂಬ ವಂಶವಾಹಿಯ ದೋಷ ಪತ್ತೆಯಾದದ್ದು 1993ರಲ್ಲಿ. ಅದನ್ನೇ ಗುರಿಯಾಗಿಸಿದ ಟೋಫರ್ಸೆನ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2023ರಲ್ಲಿ, ಅದೂ ರೋಗಿಗಳಲ್ಲಿ ಒಂದು ಸಣ್ಣ ಭಾಗಕ್ಕೆ ಮಾತ್ರ. ಮೂವತ್ತು ವರ್ಷ ಎಂದು ಕೇಳಿದ ಕೂಡಲೇ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ ಎಂದು ಬಿಡುತ್ತೇನೆ.

ಒಮ್ಮೆ ಕುಂದಗೋಳದ ಹಿರಿಯ ರೈತರೊಬ್ಬರು ಹಾಗೆ ಎದ್ದು ಹೋಗದೆ, ‘ಧಾರವಾಡದಾಗ ವರಲಕ್ಷ್ಮಿ ಹತ್ತಿ ಬೀಜ ಮಾಡಿದಾಗೂ ಒಂದ ವರ್ಷದಾಗ ಆಗಿದ್ದಿಲ್ಲಬೇ ತಂಗಿ’ ಎಂದು ಹೇಳಿ ಬಿಳಿ ರಸೀದಿಗೆ ಐನೂರು ರೂಪಾಯಿ ಕೊಟ್ಟರು. 1970ರ ದಶಕದ ಆ ಸಂಕರ ತಳಿಯನ್ನು ತಮ್ಮ ಹೊಲದಲ್ಲಿ ಬೆಳೆದವರು ಅವರು. ಅದಾದ ಮೇಲೆ ನಾನು, ನಮ್ಮ ಜನರ ರೋಗವನ್ನು ನಮ್ಮಲ್ಲಿಯೇ ಅಭ್ಯಾಸ ಮಾಡಬೇಕಾದ ಕಾರಣವನ್ನೂ ಹೇಳತೊಡಗಿದೆ: ಎಳೆಯ ವಯಸ್ಸಿನವರಲ್ಲಿ ಕಾಣಿಸಿಕೊಂಡು, ಕಿವುಡುತನವನ್ನೂ ತಂದು, ನಿಧಾನವಾಗಿ ಸಾಗುವ ‘ಮದ್ರಾಸ್ ಮಾದರಿ’ಯ ಮೋಟಾರ್ ನ್ಯೂರಾನ್ ಕಾಯಿಲೆ (ಎ.ಎಲ್.ಎಸ್. ಕೂಡ ಇದೇ ಗುಂಪಿನ ರೋಗ) ದಕ್ಷಿಣ ಭಾರತದಲ್ಲಿಯೇ ಮೊದಲು ಗುರುತಾದದ್ದು.

ಜೂನ್ 21 ವಿಶ್ವ ಎ.ಎಲ್.ಎಸ್. ದಿನವೂ ಹೌದು, ಯೋಗ ದಿನವೂ ಹೌದು. ಬೆಳಿಗ್ಗೆ ಯೋಗಕ್ಕೆ ಬಂದವರಿಗೆ ನಾವು ಒಂದು ಪುಟದ ಕರಪತ್ರ ಕೊಡುತ್ತೇವೆ. ಅದರಲ್ಲಿ ರೋಗಿಯ ಫೋಟೋ ಇರುವುದಿಲ್ಲ. ನೋವಿಲ್ಲದೆ ಕೈ ಸೋಲುವುದು, ನಡೆಯುವಾಗ ಪಾದ ಜೋತು ಎಡವುವುದು, ಮಾತು ತೊದಲುವುದು, ಸ್ನಾಯು ಸಣ್ಣಗಾಗುತ್ತ ಅದುರುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಿ ಎಂದಷ್ಟೇ ಇರುತ್ತದೆ. ಅದರ ಹೆಚ್ಚಿನ ಪ್ರತಿಗಳನ್ನು ನಾನು ಒಯ್ಯುವುದು ಫಿಜಿಯೋಥೆರಪಿ ಕೇಂದ್ರಗಳಿಗೆ, ಏಕೆಂದರೆ ಆ ನಾಲ್ಕು ತಿಂಗಳು ಕಳೆದುಹೋದದ್ದು ಅಲ್ಲಿಯೇ.

ನೇಕಾರರು 2019ರ ದೀಪಾವಳಿಯ ನಂತರ ತೀರಿಕೊಂಡರು. ಹದಿನೈದು ದಿನಗಳಾದ ಮೇಲೆ ಮಗ ಬೈಪ್ಯಾಪ್ ಯಂತ್ರದ ಕೊಳವೆ, ಮುಖವಾಡಗಳನ್ನು ತೊಳೆದು ಒಣಗಿಸಿ, ತಂದೆ ನೇಯ್ದಿದ್ದ ಬಟ್ಟೆಯಲ್ಲಿ ಯಂತ್ರವನ್ನು ಸುತ್ತಿ ತಂದುಕೊಟ್ಟರು. ಮರುವಾರವೇ ಅದು ಅಣ್ಣಿಗೇರಿಯ ಒಂದು ಮನೆಗೆ ಹೋಯಿತು.