ಎರಡು ಇಂಚಿನ ಚೌಕ

ಮಂಡಕ್ಕಿ ತೋಯಿಸಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಸಿಂಧನೂರಿನಿಂದ ಫೋನ್ ಬಂತು. "ಅಕ್ಕಾ, ನಿಮ್ಮ ಪೇಪರ್ ಕಟಿಂಗ್ ಇಟ್ಟುಕೊಂಡೇ ಕತ್ತರಿಸಿದೆ. ಬ್ಲೌಸ್ ಮೈಗೆ ಏರುತ್ತಿಲ್ಲ. ಮದುವೆಗೆ ಉಡುವ ಸೀರೆಯದು." ದನಿ ನಡುಗುತ್ತಿತ್ತು. ನಾನು ಒಲೆ ಆರಿಸಿದೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹನ್ನೊಂದು ವರ್ಷ ಜೀನ್ಸ್ ಹೊಲಿದವಳು ನಾನು. ಅಲ್ಲಿ ಪೀಸಿನ ಲೆಕ್ಕ. ಯಂತ್ರ ನಿಂತರೆ ಕೂಲಿಯೂ ನಿಂತಿತು. ಹೊಲಿದ ಪ್ಯಾಂಟನ್ನು ಯಾರು ತೊಟ್ಟರೆಂದು ಒಂದು ದಿನವೂ ತಿಳಿದದ್ದಿಲ್ಲ. ಆಮೇಲೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾ ವಿಡಿಯೊ ಹಾಕತೊಡಗಿದೆ. ಕಲಿಯುವವರಿಗೆ ಕಟಿಂಗೇ ಕಷ್ಟ. ಅದಕ್ಕೇ 36 ಇಂಚು ಎದೆಯಳತೆಯ ಪೇಪರ್ ಕಟಿಂಗನ್ನು, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚನ್ನು, ಮಗಳು ಕಂಪ್ಯೂಟರಿನಲ್ಲಿ ಬರೆದು, ಎ4 ಹಾಳೆಗಳಿಗೆ ಹಂಚಿ ಪಿಡಿಎಫ್ ಮಾಡಿದಳು. 49 ರೂಪಾಯಿ ಯುಪಿಐ ಮಾಡಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಕಳಿಸುತ್ತಿದ್ದೆ. ಮೊದಲ ವಾರವೇ 31 ಮಂದಿ ಕೊಂಡರು. ಒಮ್ಮೆ ಬರೆದದ್ದು ಮತ್ತೆ ಮತ್ತೆ ಮಾರುತ್ತದೆ. ಬಟ್ಟೆ ತೀರುವುದಿಲ್ಲ, ದಾರ ತೀರುವುದಿಲ್ಲ. ಬೆಳಿಗ್ಗೆ ಎದ್ದಾಗ ರಾತ್ರಿಯೇ ಬಂದು ಬಿದ್ದ ದುಡ್ಡು ನೋಡಿ ಕಣ್ಣು ತುಂಬಿತ್ತು.

"ಎದೆಯ ಗೆರೆಯ ಮೇಲೆ ಟೇಪ್ ಇಟ್ಟು ಫೋಟೊ ಕಳಿಸಮ್ಮ" ಎಂದೆ. 36ರ ಕಾಲುಭಾಗ, ಅಂದರೆ ಒಂಬತ್ತು ಇಂಚು ಇರಬೇಕಾದ ಗೆರೆ ಎಂಟೂವರೆ ದಾಟಿ ಒಂದು ಗೀಟಿಗೇ ಮುಗಿದಿತ್ತು. ಮಗಳಿಗೆ ಆಗಲೇ ಹೊಳೆಯಿತು. ಪ್ರಿಂಟರ್ ಹಾಳೆಯ ಅಂಚಿನವರೆಗೆ ಮುದ್ರಿಸುವುದಿಲ್ಲ. ‘ಫಿಟ್ ಟು ಪೇಜ್’ ಎಂದಿದ್ದರೆ ಒಳಗೆ ಹಿಡಿಸಲೆಂದು ಚಿತ್ರವನ್ನೇ ಕುಗ್ಗಿಸುತ್ತದೆ. ನೂರಕ್ಕೆ ನಾಲ್ಕರಷ್ಟು ಕುಗ್ಗಿದರೆ ಓದುವ ಕಾಗದದಲ್ಲಿ ಗೊತ್ತೂ ಆಗದು. ಬ್ಲೌಸಿನಲ್ಲಿ ಸುತ್ತಳತೆಗೆ ಸುಮಾರು ಒಂದೂವರೆ ಇಂಚು ಹೋಯಿತು. ಮುದ್ರಿಸಿದವರ ತಪ್ಪಲ್ಲ ಅದು, ನೂರಕ್ಕೆ ನೂರರ ಅಳತೆಯಲ್ಲೇ ಮುದ್ರಿಸಿ ಎಂದು ನಾನು ಬರೆದಿರಲಿಲ್ಲ.

ಪುಣ್ಯಕ್ಕೆ ಪಕ್ಕದ ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಡಿಸಿದ್ದೆ. ಫೋನಿನಲ್ಲೇ ಕೂರಿಸಿ ಹೇಳಿಕೊಟ್ಟೆ: ಎರಡೂ ಪಕ್ಕ ಬಿಚ್ಚು, ಮುಂದೆ ಹಿಂದೆ ಎರಡೂ ಕಡೆ ಅರ್ಧ ಇಂಚಿಗೆ ಕೊಂಚ ಕಡಿಮೆ ಬಿಡು, ತೋಳಿನದನ್ನೂ ಅಷ್ಟೇ ಬಿಡು, ಕಂಕುಳು ಹಿಡಿದರೆ ಅಲ್ಲಿ ಸಣ್ಣ ಕತ್ತರಿ ಹಾಕು. ಸಂಜೆಗೆ ಬ್ಲೌಸ್ ಏರಿತು. 49 ರೂಪಾಯಿಯನ್ನೂ ತಿರುಗಿಸಿದೆ, ಬೇಡವೆಂದಳು, ಬಿಡಲಿಲ್ಲ. ಅಂಗಡಿಯಲ್ಲಿ ಕೊಂಡವರು ಅಂಗಡಿಯವರನ್ನು ಕೇಳುತ್ತಾರೆ. ನೇರವಾಗಿ ಮಾರಿದವಳನ್ನು ನೇರವಾಗಿಯೇ ಕೇಳುತ್ತಾರೆ, ಕೇಳಲೂ ಬೇಕು. ನನ್ನ ಫೈಲಿನ ಬೆಲೆ ಚಿಕ್ಕದು, ಅದನ್ನು ನಂಬಿ ಕತ್ತರಿ ಹಾಕುವ ಬಟ್ಟೆಯ ಬೆಲೆ ದೊಡ್ಡದು.

ರಾತ್ರಿ ಮೊದಲ ಹಾಳೆಯ ಮೂಲೆಯಲ್ಲಿ ಎರಡು ಇಂಚಿನ ಚೌಕ ಬರೆಸಿದೆ. ‘ಮೊದಲು ಇದನ್ನು ಟೇಪಿನಲ್ಲಿ ಅಳೆಯಿರಿ. ಎರಡು ಇಂಚು ಇಲ್ಲದಿದ್ದರೆ ಬಟ್ಟೆ ಮುಟ್ಟಬೇಡಿ.’ ಉಳಿದ ಮೂವತ್ತು ಮಂದಿಗೂ ಒಬ್ಬೊಬ್ಬರಿಗೇ ಕಳಿಸಿದೆ. ಆರು ಮಂದಿ ಆಗಲೇ ಕತ್ತರಿಸಿದ್ದರು. ಅವರಿಗೂ ದುಡ್ಡು ತಿರುಗಿಸಿದೆ.

ಮರುದಿನ ಅದೇ ದೂರು ಹೇಳಿ ಇನ್ನೊಬ್ಬರು ಫೋನ್ ಮಾಡಿದರು. ಅವರ ನಂಬರು ನನ್ನ ಪಟ್ಟಿಯಲ್ಲಿರಲಿಲ್ಲ. ಕೊಂಡವರೊಬ್ಬರು ಫೈಲನ್ನು ತಮ್ಮ ಹೊಲಿಗೆ ಗುಂಪಿಗೆ ಪುಕ್ಕಟೆ ಹಾಕಿದ್ದರಂತೆ. ಮನಸ್ಸಿಗೆ ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಗುಂಪಿನಲ್ಲಿ ಎಷ್ಟು ಮಂದಿ ಕತ್ತರಿ ಹಿಡಿದು ಕುಳಿತಿದ್ದಾರೋ ಎಂಬ ಚಿಂತೆಯೇ ಹೆಚ್ಚು ಕೊರೆಯಿತು. ಹಾಕಿದವರಿಗೆ ಹೊಸ ಫೈಲ್ ಕಳಿಸಿ, "ಹಳೆಯದನ್ನು ಅಳಿಸಿ, ಇದನ್ನೇ ಗುಂಪಿಗೆ ಹಾಕಿ ಅಕ್ಕಾ" ಎಂದು ನಾನೇ ಬರೆದೆ.