ವಾರಂಟಿ ನಿರಾಕರಣೆಗೆ ನನ್ನ ಎರಡನೆಯ ಪತ್ರ

ನನ್ನ ಡೀಸೆಲ್ ವಾಹನದ ಇಂಧನ ಪಂಪು ಕೆಟ್ಟದ್ದಕ್ಕೆ, ಇಂಧನದಲ್ಲಿ ನೀರು ಬೆರೆತಿದೆ, ಆದ್ದರಿಂದ ವಾರಂಟಿ ಅನ್ವಯಿಸದು ಎಂದು ಕಂಪನಿ ಕೊಟ್ಟ ಒಂದೇ ಸಾಲಿನ ಉತ್ತರವನ್ನು ಒಪ್ಪಲಾಗದೆ ಇಂದು ಎರಡನೆಯ ಪತ್ರ ಕಳುಹಿಸಿದೆ. ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಇಂಧನ ಹಂಚುವ ಕಾಮನ್ ರೇಲ್ ಡೀಸೆಲ್ ಎಂಜಿನ್ನಿನ ಅಧಿಕ ಒತ್ತಡದ ಪಂಪಿಗೆ ಸಾಮಾನ್ಯವಾಗಿ ಡೀಸೆಲ್ಲೇ ಕೀಲೆಣ್ಣೆಯೂ ಹೌದು. ನೀರು ಸೇರಿದರೆ ಆ ಜಾರುಪದರ ಹರಿದು, ಸವೆದ ಲೋಹದ ಪುಡಿ ಇಂಧನ ಚಿಮ್ಮಿಸುವ ಇಂಜೆಕ್ಟರುಗಳವರೆಗೂ ಸಾಗಬಹುದೆಂಬುದನ್ನು ನಾನೂ ಬಲ್ಲೆ. ಆದರೆ ಪಂಪು ತನ್ನದೇ ದೋಷದಿಂದ ಸವೆದರೂ ಕಾಣಸಿಗುವುದು ಅದೇ ಪುಡಿಯಾದ್ದರಿಂದ, ನೀರಿತ್ತೆನ್ನಲು ಟ್ಯಾಂಕಿನ ಮಾದರಿಯ ಪ್ರಯೋಗಾಲಯ ವರದಿಯೋ, ಫಿಲ್ಟರಿನ ತಳದಲ್ಲಿ ನಿಂತ ನೀರಿನ ಅಳತೆಯೋ, ತುಕ್ಕಿನ ಚಿತ್ರಗಳೋ ಬೇಕಲ್ಲವೇ? ಒಂದನ್ನೂ ತೋರಿಸಿಲ್ಲ, ನೀರಿನ ಎಚ್ಚರಿಕೆಯ ದೀಪವಂತೂ ಒಮ್ಮೆಯೂ ಉರಿದಿರಲಿಲ್ಲ. ಕಳಚಿದ ಭಾಗಗಳನ್ನು ಎಸೆಯದೆ ಇಡಬೇಕೆಂದು ಮೊದಲ ದಿನವೇ ಬರೆದುಕೊಡದಿದ್ದುದು ಮಾತ್ರ (ಜಾಣತನ ನನಗೆ ತಡವಾಗಿ ಬರುತ್ತದೆ) ನನ್ನದೇ ತಪ್ಪು. ಈ ಬಾರಿ ಅದನ್ನೂ ಪತ್ರದಲ್ಲಿ ಸೇರಿಸಿದ್ದೇನೆ.